ಮೂರು ಸಾವಿರ ಕ್ಲಿಪ್‌ಗಳಲ್ಲಿ ಬೇಕಾದ ಶಾಟ್ ಕೈಗೆ ಸಿಗುವಂತೆ ಜೋಡಿಸಿಕೊಳ್ಳುವುದು ಹೇಗೆ?

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಇಡೀ ವರ್ಷದ ಕೆಲಸವನ್ನು ಕ್ಯಾಮೆರಾ, ಗೋಪ್ರೋ, ಡ್ರೋನ್ ಮತ್ತು ಮೊಬೈಲ್‌ಗಳಲ್ಲಿ ಚಿತ್ರೀಕರಿಸಿದ್ದೀರಿ, ಈಗ ಮೂರು ಸಾವಿರಕ್ಕೂ ಹೆಚ್ಚು ಕ್ಲಿಪ್‌ಗಳಿವೆ, ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶವನ್ನು ತೆರೆದರೆ ಥಂಬ್‌ನೇಲ್‌ಗಳ ರಾಶಿಯಲ್ಲಿ ಬೇಕಾದ ಶಾಟ್ ಸಿಗುವುದಿಲ್ಲ ಎಂದು ಬರೆದಿದ್ದೀರಿ. ತಿಂಗಳಿಗೊಂದು ಬಿನ್ (ತಂತ್ರಾಂಶದೊಳಗೆ ಕ್ಲಿಪ್‌ಗಳನ್ನು ಇಡುವ ಫೋಲ್ಡರ್) ಮಾಡುವುದು ಸರಿಯೇ ಅಥವಾ ಕ್ಯಾಮೆರಾಗೊಂದು ಬಿನ್ ಮಾಡುವುದು ಸರಿಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಹಾಸನದಲ್ಲಿ ಹಲವು ವರ್ಷಗಳಿಂದ ಮದುವೆ, ಉತ್ಸವ ಮತ್ತು ಸಣ್ಣ ಸಾಕ್ಷ್ಯಚಿತ್ರಗಳ ಎಡಿಟಿಂಗ್ ಮಾಡುತ್ತಿದ್ದೇನೆ. ನನ್ನ ಉತ್ತರವೆಂದರೆ, ಆ ಎರಡೂ ವಿಂಗಡಣೆಗಳು ಹಾರ್ಡ್‌ಡಿಸ್ಕ್‌ಗೆ ಸರಿ, ಎಡಿಟಿಂಗ್‌ಗೆ ಸಾಲವು. ಫೈಲ್ ಎಲ್ಲಿದೆ ಎಂಬುದಕ್ಕೆ ಒಂದು ವ್ಯವಸ್ಥೆ ಬೇಕು, ಅದರೊಳಗೆ ಏನಿದೆ ಎಂಬುದಕ್ಕೆ ಬೇರೆಯದೇ ವ್ಯವಸ್ಥೆ ಬೇಕು.

ಮೊದಲು ಡಿಸ್ಕ್‌ನ ಮಾತು. ಚಿತ್ರೀಕರಣದ ದಿನಾಂಕ, ಅದರೊಳಗೆ ಕ್ಯಾಮೆರಾ, ಅದರೊಳಗೆ ಕಾರ್ಡ್, ಇಷ್ಟು ಫೋಲ್ಡರ್‌ಗಳು ಸಾಕು. ಕಾರ್ಡ್‌ನಲ್ಲಿರುವುದನ್ನು ಇದ್ದಂತೆಯೇ ನಕಲು ಮಾಡಿ. ರಿಸಾಲ್ವ್‌ನ ಮೀಡಿಯಾ ಪುಟದಲ್ಲಿರುವ ಕ್ಲೋನ್ ಟೂಲ್ ನಕಲು ಮಾಡುವುದರ ಜೊತೆಗೆ ನಕಲು ಸರಿಯಾಗಿದೆಯೇ ಎಂಬುದನ್ನು ಚೆಕ್‌ಸಮ್‌ನಿಂದ, ಅಂದರೆ ಎರಡೂ ಫೈಲುಗಳಿಂದ ಲೆಕ್ಕ ಹಾಕಿದ ಸಂಖ್ಯೆಗಳನ್ನು ಹೋಲಿಸಿ, ಪರೀಕ್ಷಿಸುತ್ತದೆ, ಆದ್ದರಿಂದ ನಾನು ಅದನ್ನೇ ಬಳಸುತ್ತೇನೆ. ಕೆಲಸ ಶುರುವಾದ ಮೇಲೆ ಡಿಸ್ಕ್‌ನಲ್ಲಿ ಯಾವ ಫೈಲಿನ ಹೆಸರನ್ನೂ ಬದಲಿಸಬೇಡಿ. ಹೆಸರು ಬದಲಿಸಲೇಬೇಕೆನಿಸಿದರೆ ರಿಸಾಲ್ವ್‌ನೊಳಗಿನ ಕ್ಲಿಪ್ ಹೆಸರನ್ನು ಬದಲಿಸಿ. ಡಿಸ್ಕ್‌ನ ಮೂಲ ಹೆಸರು ಹಾಗೆಯೇ ಉಳಿಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಲವು ಕ್ಯಾಮೆರಾಗಳಲ್ಲಿ ಕಾರ್ಡ್ ಫಾರ್ಮ್ಯಾಟ್ ಮಾಡಿದೊಡನೆ ಫೈಲಿನ ಸಂಖ್ಯೆ ಮತ್ತೆ ಒಂದರಿಂದ ಶುರುವಾಗುತ್ತದೆ. ಒಮ್ಮೆ ಎರಡು ದಿನದ ಮದುವೆಯೊಂದರಲ್ಲಿ ನಾನು ಎರಡೂ ದಿನದ ಕಾರ್ಡ್‌ಗಳನ್ನು ವಿಂಗಡಿಸದೆ ಬೇರೆ ಬೇರೆ ಕಡೆ ಸುರಿದಿಟ್ಟಿದ್ದೆ. ಡಿಸ್ಕ್ ಬದಲಿಸಿ ಕ್ಲಿಪ್‌ಗಳನ್ನು ಮರುಜೋಡಣೆ ಮಾಡಿದಾಗ, ಹೆಸರೂ ಟೈಮ್‌ಕೋಡೂ (ಪ್ರತಿ ಚೌಕಟ್ಟಿಗೆ ಕ್ಯಾಮೆರಾ ಕೊಡುವ ಸಮಯದ ಗುರುತು) ಒಂದೇ ಆಗಿದ್ದುದರಿಂದ, ಧಾರೆ ಎರೆಯುವ ದೃಶ್ಯವಿದ್ದ ಜಾಗದಲ್ಲಿ ಹಿಂದಿನ ದಿನದ ಊಟದ ಪಂಕ್ತಿ ಬಂದು ಕುಳಿತಿತ್ತು. ಅದನ್ನು ಸರಿಪಡಿಸಲು ಒಂದು ಇಡೀ ರಾತ್ರಿ ಹಿಡಿಯಿತು.

ಗೋಪ್ರೋ ಬಳಸಿರುವುದರಿಂದ ಇನ್ನೊಂದು ವಿಷಯ ನಿಮಗೆ ತಿಳಿದಿರಬೇಕು. ಅದು ಉದ್ದದ ಚಿತ್ರೀಕರಣವನ್ನು ತುಂಡು ಮಾಡಿ ಉಳಿಸುತ್ತದೆ, ಮತ್ತು ತುಂಡಿನ ಸಂಖ್ಯೆಯನ್ನು ಹೆಸರಿನ ಮುಂಭಾಗದಲ್ಲಿ, ಚಿತ್ರೀಕರಣದ ಸಂಖ್ಯೆಯನ್ನು ಹಿಂಭಾಗದಲ್ಲಿ ಇಡುತ್ತದೆ. ಜಿಎಕ್ಸ್010123 ಎಂಬ ಫೈಲಿನ ಮುಂದುವರಿಕೆ ಜಿಎಕ್ಸ್020123. ಹೆಸರಿನ ಕ್ರಮದಲ್ಲಿ ಜೋಡಿಸಿದರೆ ಇವೆರಡರ ನಡುವೆ ಬೇರೆ ಚಿತ್ರೀಕರಣಗಳ ಮೊದಲ ತುಂಡುಗಳೆಲ್ಲ ಬಂದು ನಿಲ್ಲುತ್ತವೆ. ಹಾಗಾಗಿ ಪಟ್ಟಿಯ ನೋಟಕ್ಕೆ ಹೋಗಿ, ಫೈಲ್ ಸೃಷ್ಟಿಯಾದ ಸಮಯದ ಪ್ರಕಾರ ಜೋಡಿಸಿ ನೋಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಿಂಗಳ ಲೆಕ್ಕ ನಿಮ್ಮ ಚಿತ್ರಕ್ಕೆ ಏಕೆ ಹೊಂದುವುದಿಲ್ಲ ಎಂಬುದು ತೋಟವನ್ನು ನೋಡಿದವರಿಗೆ ತಿಳಿಯುತ್ತದೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ ನಡೆದರೆ, ರೋಬಸ್ಟಾ ಕೊಯ್ಲು ಸಾಮಾನ್ಯವಾಗಿ ಜನವರಿಯಿಂದ ಮುಂದಕ್ಕೆ ಹೋಗುತ್ತದೆ. ಫೆಬ್ರುವರಿಯ ಒಂದೇ ದಿನದ ಕಾರ್ಡ್‌ನಲ್ಲಿ ರೋಬಸ್ಟಾ ಹಣ್ಣು ಬಿಡಿಸುವುದು, ಕಣದಲ್ಲಿ ಕಾಫಿ ಒಣಗುವುದು, ಹೂವಿಗಾಗಿ ಸ್ಪ್ರಿಂಕ್ಲರ್ ಹಾಕಿರುವುದು ಮೂರೂ ಇರಬಹುದು. ಅದನ್ನು ಫೆಬ್ರುವರಿ ಎಂಬ ಬಿನ್‌ಗೆ ಹಾಕಿದರೆ, ಮುಂದೆ ಕಣದ ಒಂದು ಶಾಟ್ ಬೇಕಾದಾಗ ನಾಲ್ಕು ತಿಂಗಳ ಬಿನ್‌ಗಳನ್ನು ತಡಕಾಡಬೇಕು. ನೀವು ಎಡಿಟ್ ಮಾಡುವಾಗ ಫೆಬ್ರುವರಿಯನ್ನು ಹುಡುಕುವುದಿಲ್ಲ, ಕಣವನ್ನು ಹುಡುಕುತ್ತೀರಿ.

ಆದ್ದರಿಂದ ಎಲ್ಲ ಕ್ಲಿಪ್‌ಗಳನ್ನೂ ಒಮ್ಮೆ ಪೂರ್ತಿಯಾಗಿ ನೋಡಿ, ಪ್ರತಿಯೊಂದಕ್ಕೂ ಮೆಟಾಡೇಟಾ (ಕ್ಲಿಪ್‌ನ ಬಗೆಗಿನ ವಿವರಗಳ) ಫಲಕದಲ್ಲಿ ಕೀವರ್ಡ್, ಅಂದರೆ ಹುಡುಕಲು ನೆರವಾಗುವ ಗುರುತು ಪದ, ಬರೆಯಿರಿ. ಇದಕ್ಕೆ ಅಡ್ಡದಾರಿ ಇದ್ದರೂ ನಾನು ಹೇಳುವುದಿಲ್ಲ, ಏಕೆಂದರೆ ಈ ನೋಟದಲ್ಲಿಯೇ ಚಿತ್ರ ನಿಮ್ಮ ತಲೆಯಲ್ಲಿ ಕೂಡಿಕೊಳ್ಳುತ್ತದೆ. ಆದರೆ ಕೂರುವ ಮೊದಲು ಒಂದು ಹಾಳೆಯಲ್ಲಿ ಪದಗಳ ಪಟ್ಟಿ ಮಾಡಿಕೊಳ್ಳಿ: ಹೂವು, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಗೊಬ್ಬರ, ಕೊಯ್ಲು, ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಕಣ, ಮಳೆ, ಸಂದರ್ಶನ, ಕೈ, ಮುಖ, ದೂರ, ಹತ್ತಿರ. ಮೂವತ್ತು ಪದಗಳನ್ನು ಮೀರಬೇಡಿ. ಮೀರಿದರೆ ಯಾವ ಪದ ಹಾಕಿದ್ದೆ ಎಂಬುದೇ ನಿಮಗೆ ಮರೆತುಹೋಗುತ್ತದೆ. ಒಂದು ಕ್ಲಿಪ್‌ಗೆ ಕೆಲಸದ ಹೆಸರೊಂದು, ಚೌಕಟ್ಟಿನ ಅಳತೆಯೊಂದು, ಕಾಣುವ ವಸ್ತುವೊಂದು, ಹೀಗೆ ಮೂರು ಪದಗಳು ಬಂದರೆ ಹೆಚ್ಚಿನ ಮಟ್ಟಿಗೆ ಸಾಕು. ಒಂದೇ ಬಗೆಯ ಇಪ್ಪತ್ತು ಕ್ಲಿಪ್‌ಗಳಿದ್ದರೆ ಅವನ್ನೆಲ್ಲ ಒಟ್ಟಿಗೆ ಆರಿಸಿ ಒಂದೇ ಸಲ ಬರೆಯಬಹುದು.

ಕನ್ನಡದಲ್ಲಿ ಕೀವರ್ಡ್ ಬರೆಯುವವರು ಒಂದು ಎಚ್ಚರಿಕೆ ವಹಿಸಬೇಕು. ಒಮ್ಮೆ 'ಕೊಯ್ಲು' ಎಂದೂ ಇನ್ನೊಮ್ಮೆ 'ಕೊಯಿಲು' ಎಂದೂ ಬರೆದರೆ ನಮಗೆ ಎರಡೂ ಒಂದೇ, ಕಂಪ್ಯೂಟರಿಗೆ ಅವು ಬೇರೆ ಬೇರೆ ಪದಗಳು. 'ಪಾರ್ಚ್‌ಮೆಂಟ್' ಎಂಬಂಥ ಪದದಲ್ಲಿ ಅಕ್ಷರಗಳನ್ನು ಬಿಡಿಸಿ ತೋರಿಸಲು ಕೀಬೋರ್ಡ್ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸುತ್ತದೆ. ಅದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಹುಡುಕಾಟ ತಪ್ಪುತ್ತದೆ. ಹಾಗಾಗಿ ಪದವನ್ನು ಪ್ರತಿ ಸಲ ಹೊಸದಾಗಿ ಟೈಪ್ ಮಾಡದೆ, ಮೊದಲು ಬರೆದಿದ್ದನ್ನೇ ಆರಿಸಿಕೊಳ್ಳುವುದು ಅಥವಾ ಹಾಳೆಯ ಪಟ್ಟಿಯನ್ನು ಒಂದು ಫೈಲಿನಲ್ಲಿಟ್ಟು ಅಲ್ಲಿಂದ ನಕಲು ಮಾಡುವುದು ಒಳ್ಳೆಯದು.

ಕೀವರ್ಡ್‌ಗಳು ಸಿದ್ಧವಾದ ಮೇಲೆ ಸ್ಮಾರ್ಟ್ ಬಿನ್‌ಗಳನ್ನು ಮಾಡಿ. ಕೀವರ್ಡ್‌ನಲ್ಲಿ 'ಕಣ' ಇರಬೇಕು, 'ಹತ್ತಿರ' ಇರಬೇಕು ಎಂದು ನಿಯಮ ಕೊಟ್ಟರೆ ಅಂಥ ಕ್ಲಿಪ್‌ಗಳು ತಾವಾಗಿಯೇ ಅಲ್ಲಿ ಕಾಣಿಸಿಕೊಳ್ಳುತ್ತವೆ. ಫೈಲ್ ಎಲ್ಲಿಗೂ ಸರಿಯುವುದಿಲ್ಲ, ಒಂದೇ ಕ್ಲಿಪ್ ಐದು ಸ್ಮಾರ್ಟ್ ಬಿನ್‌ಗಳಲ್ಲಿ ಇದ್ದರೂ ಡಿಸ್ಕ್‌ನಲ್ಲಿ ಹೆಚ್ಚಿನ ಜಾಗ ಬೇಕಾಗುವುದಿಲ್ಲ. ಬೇರೆ ಎಡಿಟಿಂಗ್ ತಂತ್ರಾಂಶಗಳಲ್ಲಿಯೂ, ಫೈನಲ್ ಕಟ್ ಪ್ರೊದಲ್ಲಿ ಕೀವರ್ಡ್ ಕಲೆಕ್ಷನ್ ಮತ್ತು ಸ್ಮಾರ್ಟ್ ಕಲೆಕ್ಷನ್, ಪ್ರೀಮಿಯರ್‌ನಲ್ಲಿ ಸರ್ಚ್ ಬಿನ್ ಎಂದು ಇದೇ ಸೌಲಭ್ಯಗಳಿವೆ. ಉಚಿತವಾಗಿ ಸಿಗುವ ಕೆಡೆನ್‌ಲೈವ್‌ನಲ್ಲಿಯೂ ಟ್ಯಾಗ್ ಮತ್ತು ನಕ್ಷತ್ರಗಳ ಮೂಲಕ ಸೋಸಬಹುದು.

ಬೇಲೂರಿನ ಚೆನ್ನಕೇಶವ ದೇವಸ್ಥಾನದ ಶಿಲ್ಪಗಳ ಬಗ್ಗೆ ಒಂದು ಕಿರುಚಿತ್ರ ಎಡಿಟ್ ಮಾಡುವಾಗ ಈ ಕ್ರಮದ ಬೆಲೆ ನನಗೆ ಗೊತ್ತಾಯಿತು. ಹೊರಗಿನ ಕಂಬಗಳ ಮೇಲಿರುವ 38 ಮದನಿಕೆಯರನ್ನು ಬೆಳಗಿನ ಬಿಸಿಲಿನಲ್ಲೂ ಸಂಜೆಯ ಬಿಸಿಲಿನಲ್ಲೂ ಬೇರೆ ಬೇರೆ ದಿನ ತೆಗೆದಿದ್ದೆವು, ಏಕೆಂದರೆ ಪೂರ್ವದ ಮುಖಕ್ಕೆ ಬೆಳಕು ಬೀಳುವ ಹೊತ್ತಿನಲ್ಲಿ ಪಶ್ಚಿಮದ ಗೋಡೆ ನೆರಳಿನಲ್ಲಿರುತ್ತದೆ. ದಿನಾಂಕದ ಬಿನ್‌ಗಳಲ್ಲಿ ಒಂದೇ ಮದನಿಕೆ ನಾಲ್ಕು ಕಡೆ ಚದುರಿದ್ದಳು. ಕೊನೆಗೆ ಬಾಗಿಲಿನಿಂದ ಪ್ರದಕ್ಷಿಣೆಯ ಕ್ರಮದಲ್ಲಿ 01ರಿಂದ 38ರವರೆಗೆ ಸಂಖ್ಯೆ ಕೊಟ್ಟು ಅದನ್ನೇ ಕೀವರ್ಡ್ ಮಾಡಿದೆ. ದೇವಸ್ಥಾನವನ್ನು ಸುತ್ತುವವರು ಹೇಗೆ ನೋಡುತ್ತಾರೋ ಹಾಗೆಯೇ ಕ್ಲಿಪ್‌ಗಳು ಸಾಲಾಗಿ ನಿಂತವು, ಎಲ್ಲಿ ಶಾಟ್ ಕಡಿಮೆಯಿದೆ ಎಂಬುದೂ ಅಲ್ಲಿಯೇ ಕಂಡಿತು. ನಿಮ್ಮ ಚಿತ್ರದಲ್ಲಿ ಪ್ರದಕ್ಷಿಣೆಯ ಜಾಗದಲ್ಲಿ ತೋಟದ ಕೆಲಸಗಳ ಸರಣಿ ಬರಬೇಕು.

ಕಣ್ಣಿನಿಂದ ಹುಡುಕುವುದು ಸ್ಮಾರ್ಟ್ ಬಿನ್‌ನ ಒಳಗೆ, ಐವತ್ತು ಅರವತ್ತು ಕ್ಲಿಪ್‌ಗಳು ಮಾತ್ರ ಉಳಿದಾಗ, ಬಹಳ ಚೆನ್ನಾಗಿ ನಡೆಯುತ್ತದೆ. ಥಂಬ್‌ನೇಲ್‌ಗಳನ್ನು ದೊಡ್ಡದು ಮಾಡಿ, ಮೌಸನ್ನು ಅವುಗಳ ಮೇಲೆ ಅಡ್ಡಲಾಗಿ ಸರಿಸಿದರೆ ಕ್ಲಿಪ್ ಪೂರ್ತಿ ಕಾಣುತ್ತದೆ. ಕ್ಲಿಪ್‌ನ ಮೊದಲ ಚೌಕಟ್ಟು ಬಹಳ ಸಲ ನೆಲವನ್ನೋ ಅಲುಗಾಡುವ ಕೊಂಬೆಯನ್ನೋ ತೋರಿಸುತ್ತದೆ. ಹಣ್ಣು ಕೈಯಲ್ಲಿ ಹೊಳೆಯುವ ಚೌಕಟ್ಟಿಗೆ ಸರಿಸಿ, ಬಲ ಕ್ಲಿಕ್ ಮಾಡಿ, ಅದನ್ನೇ ಪೋಸ್ಟರ್ ಫ್ರೇಮ್ (ಥಂಬ್‌ನೇಲ್ ಆಗಿ ಕಾಣುವ ಚೌಕಟ್ಟು) ಮಾಡಿಡಿ. ಕಟ್ ಪುಟದಲ್ಲಿರುವ ಸೋರ್ಸ್ ಟೇಪ್ ಸೌಲಭ್ಯವನ್ನೂ ಬಳಸಿ ನೋಡಿ. ಅದು ಬಿನ್‌ನ ಎಲ್ಲ ಕ್ಲಿಪ್‌ಗಳನ್ನು ಒಂದರ ಹಿಂದೊಂದು ಪೋಣಿಸಿ ಒಂದೇ ಉದ್ದನೆಯ ಟೇಪಿನಂತೆ ತೋರಿಸುತ್ತದೆ, ಮೊದಲ ನೋಟಕ್ಕೆ ನನಗೆ ಇದಕ್ಕಿಂತ ಹಿತವಾದ ದಾರಿ ಸಿಕ್ಕಿಲ್ಲ. ಕಂಪ್ಯೂಟರ್ ತಡವರಿಸುತ್ತಿದ್ದರೆ ಮೊದಲು ಪ್ರಾಕ್ಸಿ, ಅಂದರೆ ಕ್ಲಿಪ್‌ಗಳ ಹಗುರವಾದ ಪ್ರತಿಗಳನ್ನು, ಮಾಡಿಕೊಳ್ಳಿ.

ಕೆಟ್ಟ ಕ್ಲಿಪ್‌ಗಳನ್ನು ಡಿಸ್ಕ್‌ನಿಂದ ಅಳಿಸಬೇಡಿ, ಅವಕ್ಕೆ ಒಂದು ಬಣ್ಣ ಕೊಟ್ಟು ಬದಿಗಿಡಿ. ಕಾಫಿ ಹೂವು ಅರಳಿ ನಿಲ್ಲುವುದು ಕೆಲವೇ ದಿನ. ಆ ದಿನಗಳ ಅಲುಗಿದ ಶಾಟ್‌ನಲ್ಲಿ ಕೂಡ ಜೇನುಹುಳುಗಳ ಸದ್ದು ಚೆನ್ನಾಗಿ ದಾಖಲಾಗಿರಬಹುದು, ಆ ಸದ್ದಿಗೆ ಮುಂದಿನ ವರ್ಷದವರೆಗೆ ಕಾಯಬೇಕಾಗುತ್ತದೆ.

ಕೊನೆಯದಾಗಿ, ನೀವು ಬರೆದ ಕೀವರ್ಡ್‌ಗಳು ವಿಡಿಯೊ ಫೈಲಿನೊಳಗೆ ಸೇರುವುದಿಲ್ಲ, ರಿಸಾಲ್ವ್‌ನ ಪ್ರಾಜೆಕ್ಟ್‌ನಲ್ಲಿರುತ್ತವೆ. ಫೈಲ್ ಮೆನುವಿನಿಂದ ಮೆಟಾಡೇಟಾವನ್ನು ಸಿಎಸ್‌ವಿ (ಸರಳ ಪಟ್ಟಿಯ) ಫೈಲಾಗಿ ಹೊರತೆಗೆಯಬಹುದು. ಪ್ರತಿ ದಿನ ಕೆಲಸ ಮುಗಿಸುವಾಗ ಅದರ ಒಂದು ಪ್ರತಿಯನ್ನೂ ಪ್ರಾಜೆಕ್ಟ್‌ನ ಒಂದು ಪ್ರತಿಯನ್ನೂ ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ.