ಮೈಕಿನ ಮುಂದೆ ಕೂರುವ ಮೊದಲು

ಕಟಪಾಡಿಯ ಓದುಗರೊಬ್ಬರು ಬರೆದಿದ್ದಾರೆ: "ಪತ್ರಿಕೋದ್ಯಮದಲ್ಲಿ ಪದವಿ ಮುಗಿಸಿದ್ದೇನೆ. ನಮ್ಮೂರಿನ ರೇಡಿಯೋದಲ್ಲೇ ಕೆಲಸ ಮಾಡುವ ಆಸೆ. ಮೊದಲು ಹಿರಿಯರ ಕೈಕೆಳಗೆ ಪಳಗು ಅಂತ ಸೋದರಮಾವ ಹೇಳುತ್ತಾರೆ. ಎಡಿಟಿಂಗನ್ನು ಯೂಟ್ಯೂಬ್ ನೋಡಿಯೇ ಕಲಿತೆ, ಪಾಡ್‌ಕಾಸ್ಟ್ ಕೂಡ ಮಾಡುತ್ತೇನೆ. ಮೈಸೂರಿನಲ್ಲಿ ರೇಡಿಯೋ ಶುರು ಮಾಡಿದ ಗೋಪಾಲಸ್ವಾಮಿಯವರಿಗೆ ಯಾವ ಗುರು ಇದ್ದರು? ಈ ಕಾಲದಲ್ಲೂ ರೇಡಿಯೋಗೆ ಗುರು ಬೇಕೇ?"

ಬೇಕು. ನಿಮ್ಮ ಸೋದರಮಾವ ಹೇಳಿದ್ದು ಸರಿ.

ನಿಮ್ಮ ಆಸೆ ಕೇಳಿ ಖುಷಿಯಾಯಿತು. ಓದು ಮುಗಿದ ಕೂಡಲೇ ಎಲ್ಲರೂ ಬೆಂಗಳೂರಿನ ಬಸ್ ಹತ್ತುವಾಗ, ನಮ್ಮೂರಿನ ರೇಡಿಯೋ ಎನ್ನುವವರು ಸಿಗುವುದೇ ಅಪರೂಪ. ಯಂತ್ರದ ಕೆಲಸ ಮನೆಯಲ್ಲೇ ಕಲಿಯಬಹುದು, ಒಪ್ಪುತ್ತೇನೆ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಶುರು ಮಾಡಿದಾಗ ಹೇಳಿಕೊಡುವವರು ಇರಲಿಲ್ಲ, ಅದೂ ನಿಜ. ಆದರೆ ಅವರ ಊರಲ್ಲಿ ಅದಕ್ಕೆ ಮುಂಚೆ ರೇಡಿಯೋ ಕೇಂದ್ರವೇ ಇರಲಿಲ್ಲವಲ್ಲ. ನಿಮಗೆ ಹಾಗಲ್ಲ. ಮಂಗಳೂರು ಆಕಾಶವಾಣಿ 1976ರಿಂದ ಮಾತಾಡುತ್ತಿದೆ. ಸ್ಟುಡಿಯೋ ಕದ್ರಿ ಗುಡ್ಡದಲ್ಲಿ, ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ನಿಮ್ಮದೇ ಜಿಲ್ಲೆಯ ಬ್ರಹ್ಮಾವರದಲ್ಲಿ. ಅಲ್ಲಿ ದುಡಿದು ನಿವೃತ್ತರಾದವರು ನಮ್ಮ ನಡುವೆಯೇ ಇದ್ದಾರೆ. ಅವರಲ್ಲಿ ಒಬ್ಬರನ್ನಾದರೂ ಹೋಗಿ ಮಾತಾಡಿಸಿದ್ದೀರಾ? ಅಷ್ಟುದ್ದದ ಪತ್ರದಲ್ಲಿ ನೀವು ಕೇಳಿ ಬೆಳೆದ ಒಂದೇ ಒಂದು ದನಿಯ ಹೆಸರಿಲ್ಲ. ಇದು ನನಗೆ ಬೇಸರ ತಂದಿತು.

ಟೇಪಿನ ಕಾಲದ ಒಂದು ಸಂಗತಿ ಹೇಳುತ್ತೇನೆ. ಆಗ ಎಡಿಟಿಂಗ್ ಅಂದರೆ ಕಾಲು ಇಂಚು ಅಗಲದ ಟೇಪನ್ನು ಬ್ಲೇಡಿನಿಂದ ಕೊಯ್ದು ಅಂಟಿಸುವುದು. ಸ್ಪೂಲನ್ನು ಕೈಯಲ್ಲೇ ಹಿಂದೆ ಮುಂದೆ ತಿರುಗಿಸಿ, ಮಾತು ಶುರುವಾಗುವ ಜಾಗ ಹುಡುಕಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಓರೆಯಾಗಿ ಕೊಯ್ಯಬೇಕು. ಹೊಸದಾಗಿ ಸೇರಿದ ಹುಡುಗನೊಬ್ಬ ವಯಸ್ಸಾದ ರೈತರೊಬ್ಬರ ಸಂದರ್ಶನ ಎಡಿಟ್ ಮಾಡುತ್ತಿದ್ದ. ತೀರಿಹೋದ ಮಗನ ಬಗ್ಗೆ ಕೇಳಿದಾಗ ಆ ರೈತರು ತುಂಬಾ ಹೊತ್ತು ಸುಮ್ಮನಿದ್ದು, ಆಮೇಲೆ ಮಾತಾಡಿದ್ದರು. ಹುಡುಗ ಆ ಸುಮ್ಮನಿದ್ದ ಭಾಗವನ್ನು ತೆಗೆದುಬಿಟ್ಟ. ಹಿರಿಯ ಉದ್ಘೋಷಕರು ಕೇಳಿ ನೋಡಿದರು. ನೆಲಕ್ಕೆ ಬಿದ್ದ ಟೇಪಿನ ತುಂಡುಗಳಲ್ಲಿ ಅದನ್ನೇ ಹುಡುಕಿಸಿ, ಮತ್ತೆ ಜೋಡಿಸುವಂತೆ ಮಾಡಿದರು. "ಅದು ಖಾಲಿ ಜಾಗ ಅಲ್ಲ ಮಾರಾಯ. ಅವರು ಅಳು ತಡೆದುಕೊಂಡದ್ದು. ಅದನ್ನೂ ಜನ ಕೇಳಲಿ" ಅಂದರು. ಇವತ್ತು ಸಾಫ್ಟ್‌ವೇರ್ ಒಂದೇ ಕ್ಲಿಕ್ಕಿಗೆ ಮಾತಿನ ನಡುವಿನ ಮೌನವನ್ನೆಲ್ಲ ತೆಗೆದುಹಾಕುತ್ತದೆ. ಯಾವುದನ್ನು ತೆಗೆಯಬಾರದು ಅಂತ ಪಕ್ಕದಲ್ಲಿ ಕೂತವರೇ ಹೇಳಬೇಕು.

ಓದುವಾಗ ಸದ್ದು ಮೈಕಿಗೆ ಬೀಳದ ಹಾಗೆ ಹಾಳೆ ಹಿಡಿಯುವುದನ್ನೂ ಹಿರಿಯರೇ ಹೇಳಿಕೊಡುತ್ತಿದ್ದರು. ಪಿನ್ ತೆಗೆದಿಡಬೇಕು. ಓದಿ ಮುಗಿದ ಹಾಳೆಯನ್ನು ಎತ್ತಬಾರದು, ಮೆಲ್ಲ ಪಕ್ಕಕ್ಕೆ ಜಾರಿಸಬೇಕು. ಒಂದು ವಾಕ್ಯ ಎರಡು ಹಾಳೆಗೆ ಹರಿಯುವ ಹಾಗೆ ಬರೆಯಲೇಬಾರದು.

ನಮ್ಮ ಕರಾವಳಿಯಲ್ಲಿ ಇನ್ನೂ ಒಂದು ಕಲಿಯುವ ಜಾಗ ಉಂಟು, ಯಕ್ಷಗಾನದ್ದೇ ಇನ್ನೊಂದು ರೂಪವಾದ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಚೆಂಡೆ, ಮದ್ದಳೆ, ಮತ್ತೆ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು. ರೇಡಿಯೋಗೆ ಹೇಳಿ ಮಾಡಿಸಿದ ಕಲೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ರೆಕಾರ್ಡಿಂಗ್ ಸಿಕ್ಕರೆ ಕಣ್ಣು ಮುಚ್ಚಿ ಕೇಳಿ. ಬರೀ ಮಾತಿನಲ್ಲೇ ರಾವಣ ಎದುರು ಬಂದು ಕೂರುತ್ತಾನೆ. ಇದನ್ನು ಯಾವ ಮೂರು ತಿಂಗಳ ಕೋರ್ಸೂ ಕಲಿಸುವುದಿಲ್ಲ. ಅರ್ಥಧಾರಿಗಳು ಕೂಡ ಹಿರಿಯರ ಕೂಟದಲ್ಲಿ ಸಣ್ಣ ಪುಟ್ಟ ಪಾತ್ರದ ಅರ್ಥ ಹೇಳುತ್ತಲೇ ಬೆಳೆದವರು ಅಲ್ವಾ?

ನನಗೆ ಜಾಸ್ತಿ ಸಂಕಟ ಕೊಡುವುದು ಬೇರೆಯೇ. ಹಿರಿಯರ ಪಕ್ಕ ಕೂರುವ ಆ ಜಾಗವನ್ನೇ ನಾವು ಕಳೆದುಕೊಳ್ಳುತ್ತಿದ್ದೇವೆ. ಆಕಾಶವಾಣಿಯಲ್ಲಿ ಖಾಯಂ ಉದ್ಘೋಷಕರ ನೇಮಕಾತಿ ನಿಂತು ಎಷ್ಟೋ ವರ್ಷವಾಯಿತು. ಒಬ್ಬೊಬ್ಬರೇ ನಿವೃತ್ತರಾಗುತ್ತಾರೆ, ಕುರ್ಚಿ ಖಾಲಿ ಉಳಿಯುತ್ತದೆ. ಆಡಿಷನ್ ಪಾಸಾಗಿ, ಆಕಾಶವಾಣಿಯ 'ವಾಣಿ' ಎಂಬ ತರಬೇತಿ ಮುಗಿಸಿ ಬರುವ, ಖಾಯಂ ಅಲ್ಲದ ಕ್ಯಾಶುವಲ್ ಉದ್ಘೋಷಕರಿಗೆ ತಿಂಗಳಿಗೆ ಸಿಗುವುದು ಬೆರಳೆಣಿಕೆಯ ಡ್ಯೂಟಿ. ಅದರಲ್ಲಿ ಸಂಸಾರ ಸಾಗುವುದಿಲ್ಲ. ಒಳ್ಳೊಳ್ಳೆಯ ದನಿಗಳು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತವೆ.

ಖಾಸಗಿ ಎಫ್‌ಎಂ ಬಂದಾಗ ನನಗೂ ಆಸೆ ಹುಟ್ಟಿತ್ತು. ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೂ ಖಾಸಗಿ ಎಫ್‌ಎಂ ತನ್ನದೇ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದು, ಅಷ್ಟೇ. ಮಲ್ಪೆ ಬಂದರಿನಲ್ಲಿ ಇವತ್ತು ಏನಾಯಿತು ಅಂತ ಹೋಗಿ ವರದಿ ಮಾಡಲಾಗದ ಹುಡುಗಿ ಹಾಡು, ಹರಟೆಯಲ್ಲೇ ವರ್ಷ ಕಳೆದರೆ ಊರು ತಿಳಿಯುವುದು ಹೇಗೆ? ಇಂಗ್ಲಿಷ್ ಕಾಗುಣಿತ ನೋಡಿಕೊಂಡು ಕಾಪುವನ್ನು 'ಕೌಪ್' ಎಂದು ಓದುವುದನ್ನು ನಾನೇ ಕೇಳಿದ್ದೇನೆ. ನಿಮ್ಮ ಪಕ್ಕದ ಊರು ಅದು! ಅಲ್ಲೇ ತಿದ್ದುವವರು ಇದ್ದಿದ್ದರೆ ಎರಡನೇ ಸಲ ಹಾಗೆ ಓದುತ್ತಿರಲಿಲ್ಲ.

ಕಾಲೇಜು, ಸಂಘ ಸಂಸ್ಥೆಗಳು ಊರಿನವರಿಗಾಗಿ ನಡೆಸುವ ಸಮುದಾಯ ರೇಡಿಯೋ ಮೇಲೆ ನನಗೆ ಭರವಸೆ ಉಂಟು. ಅಲ್ಲಿಗೂ ಸುದ್ದಿ ಓದುವ ಅವಕಾಶ ಇಲ್ಲ, ಆದರೆ ಊರಿನವರನ್ನು ಮಾತಾಡಿಸುವುದನ್ನು ಕಲಿಯಬಹುದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ (ಈಗ ಡೀಮ್ಡ್ ವಿಶ್ವವಿದ್ಯಾಲಯ) ರೇಡಿಯೋ ಸಾರಂಗ್ 107.8ರಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿಯನ್ನೂ ಕೇಳಬಹುದು. ನಿಮಗೆ ಹತ್ತಿರದ್ದು ರೇಡಿಯೋ ಮಣಿಪಾಲ್ 90.4. ಹೋಗಿ ವಿಚಾರಿಸಿ. ಆಕಾಶವಾಣಿಯ ಆಡಿಷನ್ ಪ್ರಕಟಣೆ ಬಂದಾಗ ಅರ್ಜಿಯನ್ನೂ ಹಾಕಿ. ಅದಕ್ಕೆ ಮುಂಚೆ ನಿವೃತ್ತ ಉದ್ಘೋಷಕರೊಬ್ಬರ ಮನೆಗೆ ಹೋಗಿ ನಿಮ್ಮ ಪಾಡ್‌ಕಾಸ್ಟಿನ ಒಂದು ಕಂತು ಕೇಳಿಸಿ. ಅವರು ಎಲ್ಲೆಲ್ಲಿ ನಿಲ್ಲಿಸಿ ಏನೇನು ಹೇಳಿದರು ಅಂತ ನಮಗೆ ಬರೆಯಿರಿ. ಖಂಡಿತ ಪ್ರಕಟಿಸುತ್ತೇವೆ.

— ಸಂಪಾದಕ