ಬಣ್ಣ ಹೊಡೆದರೆ ಬಿರುಕು ಹೋಗುತ್ತಾ?

ಪ್ರಶ್ನೆ: ಸೇಡಂ ರಸ್ತೆ ಕಡೆ ಹಳೆ ಮನೆಯೊಂದನ್ನು ನೋಡಿದ್ದೇವೆ. ಗೋಡೆಯಲ್ಲಿ ಬಿರುಕಿದೆ. ಬಣ್ಣ ಹೊಡೆದರೆ ಹೋಗುತ್ತದೆ ಅಂತಾರೆ ಮಾಲೀಕರು. ಕೊಳ್ಳಬಹುದಾ?
– ಗೃಹಿಣಿ, ಕಲಬುರಗಿ

ಉತ್ತರ: ಬಿರುಕು ಯಾವ ಥರದ್ದು ಅಂತ ನೋಡು ತಂಗಿ. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ತಳಪಾಯ ಗಟ್ಟಿ ಇಲ್ಲದಿದ್ದರೆ ಗೋಡೆಯೂ ಅದರ ಜೊತೆ ಅಲುಗುತ್ತದೆ. ಕೂದಲೆಳೆಯಂಥ ಗೆರೆ ಬರೀ ಗಿಲಾವಿನದು, ಬಿಟ್ಟುಬಿಡು. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ನಾಣ್ಯ ತೂರುವಷ್ಟು ಅಗಲವಿದ್ದರೆ, ಎಂಜಿನಿಯರ್‌ಗೆ ತೋರಿಸದೆ ಮುಂಗಡ ಕೊಡಬೇಡ. ಒಂದೇ ಗೋಡೆಗೆ ಹೊಸ ಬಣ್ಣ ಕಂಡರೆ ನನಗಂತೂ ಅನುಮಾನ!

ಮಧ್ಯಾಹ್ನ 3 ಗಂಟೆಗೆ ಹೋಗಿ ಪಶ್ಚಿಮದ ಗೋಡೆ ಮುಟ್ಟಿ ನೋಡು. ಮಲಗುವ ಕೋಣೆ ಅಲ್ಲೇ ಇದ್ದರೆ ರಾತ್ರಿಯೂ ಕಾವು ಜಾಸ್ತಿ. ನೆಲಕ್ಕೆ ಶಹಾಬಾದ್ ಕಲ್ಲಿದ್ದರೆ ಟೈಲ್ಸ್ ಆಸೆಗೆ ಸುಮ್ನೆ ಕೀಳಿಸಬೇಡ. ಇನ್ನು ಇ.ಸಿ.ಯನ್ನು, ಅಂದರೆ ಮನೆ ಮೇಲೆ ನೋಂದಣಿಯಾದ ಮಾರಾಟ, ಅಡಮಾನ ತೋರಿಸುವ ಋಣಭಾರ ಪತ್ರವನ್ನು, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ನೀನೇ ತೆಗೆಸು, ಮಾಲೀಕರ ಜೆರಾಕ್ಸ್ ಸಾಕಾಗದು.