ಪೌಲ ಅಥೇನೆಯಲ್ಲಿ ಸುತ್ತಾಡಿದ್ದನ್ನೇ ಬಿಟ್ಟಿದೀರಲ್ಲ

ಬ್ರದರ್, ನಮ್ಮ ಪತ್ರಿಕೆಗೆ ನೀವು ಕಳಿಸಿದ 'ಲೋಕದ ಸಂಸ್ಕೃತಿ ಮತ್ತು ಕ್ರೈಸ್ತ ಯುವಜನ' ಲೇಖನ ಓದ್ದೆ. ಭಾಷೆ ಚೆನ್ನಾಗಿದೆ, ಹುಡುಗರ ಬಗ್ಗೆ ನಿಮಗಿರೋ ಕಾಳಜಿ ನಿಜವಾದದ್ದು. ಆದ್ರೆ ಎರಡನೇ ಪ್ಯಾರಾ ಓದಿ ನಂಗೆ ಸಿಟ್ಟು ಬಂತು, ಮುಚ್ಚಿಡಲ್ಲ.

"ಇಂದಿನ ಸಿನಿಮಾ, ವೆಬ್ ಸೀರೀಸ್, ರೀಲ್ಸ್ ಎಲ್ಲವೂ ಸೈತಾನನ ಬಲೆ" ಅಂತ ಶುರು ಮಾಡಿದೀರ. ಯಾವ ಸಿನಿಮಾ? ಇಡೀ ಲೇಖನದಲ್ಲಿ ಒಂದರ ಹೆಸರಿಲ್ಲ, ಒಂದು ದೃಶ್ಯ ಇಲ್ಲ. ಮುಂದಿನ ವಾಕ್ಯ, "ಇವುಗಳಲ್ಲಿ ಏನಿದೆ ಎಂದು ನೋಡುವ ಅಗತ್ಯವೂ ನಮಗಿಲ್ಲ." ನೋಡದೆ ಇರೋದು ನಿಮ್ಮಿಷ್ಟ, ಎಷ್ಟೋ ವಿಶ್ವಾಸಿಗಳು ಆತ್ಮಸಾಕ್ಷಿ ಒಪ್ಪದೆ ನೋಡಲ್ಲ, ಅವರ ಮೇಲೆ ನಂಗೆ ಗೌರವ ಇದೆ, ಆದ್ರೆ ನೋಡದೆ ಇರೋದ್ರ ಬಗ್ಗೆ ನಾಲ್ಕು ಪುಟ ತೀರ್ಪು ಬರೆದ್ರೆ ಅದು ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳೋದಕ್ಕೆ ತುಂಬಾ ಹತ್ರ ಬರತ್ತೆ.

ಮೂರನೇ ವಾಕ್ಯ. ಅಥೇನೆಯ, ಅಂದ್ರೆ ಗ್ರೀಸಿನ ಅಥೆನ್ಸಿನ, ವಿಗ್ರಹಗಳನ್ನ ಕಂಡು ಅಪೊಸ್ತಲ ಪೌಲನ ಮನಸ್ಸು ಕುದಿಯಿತು ಅಂತ ಬೈಬಲ್‌ನ ಅಪೊಸ್ತಲರ ಕೃತ್ಯಗಳು 17:16 ಹಾಕಿ ಅಲ್ಲೇ ನಿಲ್ಸಿದೀರ. ಮುಂದೆ ಓದಿ ಬ್ರದರ್. ಪೇಟೇಲಿ ದಿನಾ ಸಿಕ್ಕೋರ ಜೊತೆ ಮಾತಾಡ್ದ, ಅಲ್ಲಿನ ತತ್ವಜ್ಞಾನಿಗಳ ಜೊತೆ ವಾದ ಮಾಡ್ದ, ಊರು ಸುತ್ತಿ ಅವರು ಪೂಜಿಸೋದನ್ನೆಲ್ಲ ಗಮನಿಸಿ ನೋಡಿದ್ರಿಂದ್ಲೇ 'ತಿಳಿಯದ ದೇವರಿಗೆ' ಅನ್ನೋ ಬರಹ ಇದ್ದ ಬಲಿಪೀಠ ಕಣ್ಣಿಗೆ ಬಿತ್ತು, 28ನೇ ವಚನದಲ್ಲಂತೂ ಅವರದ್ದೇ ಕವಿಗಳ ಮಾತು ಎತ್ತಿ ಹೇಳ್ತಾನೆ. ಹಾಗಂತ ಎಲ್ಲ ಒಪ್ಕೊಂಡ್ನಾ? ಇಲ್ಲ, ಪಶ್ಚಾತ್ತಾಪಕ್ಕೆ ಕರೆದ, ಪುನರುತ್ಥಾನ ಸಾರಿದ, ಕೆಲವರು ಗೇಲಿ ಮಾಡಿದ್ರು. ನೀವು ಕುದಿದಿದ್ದನ್ನ ಮಾತ್ರ ಎತ್ಕೊಂಡ್ರಿ.

ನಮ್ಮಲ್ಲೇ, 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ ಬಾಸೆಲ್ ಮಿಷನ್ನಿನ ಮೋಗ್ಲಿಂಗ್, ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಅಚ್ಚು ಹಾಕಿಸಿದ್ರು. ಕಿಟೆಲ್ 1862ರಲ್ಲಿ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೇನ ಕನ್ನಡ ಪದ್ಯದಲ್ಲಿ ಹೇಳಿದ್ರು. ಇವರೆಲ್ಲ ಬಂದಿದ್ದೇ ಸುವಾರ್ತೆ ಸಾರೋಕೆ, ಆದ್ರೂ ಇಲ್ಲಿನ ಜನ ಏನು ಹಾಡ್ತಾರೆ ಅಂತ ಓದದೆ ಬಿಡ್ಲಿಲ್ಲ.

ನಾನು ಕೆಲಸ ಕಲಿಯೋವಾಗ ನಮ್ಮ ಸಂಪಾದಕರು, ಸಭೆಯ ಹಿರಿಯರೂ ಆಗಿದ್ದೋರು, ಯಕ್ಷಗಾನದ ಮೇಲೆ ಸಣ್ಣ ಟಿಪ್ಪಣಿ ಬರಿಯೋಕೆ ಹೇಳಿ, "ಮೊದ್ಲು ಆಟ ನೋಡ್ಕೊಂಡ್ ಬಾ, ಮಂಗಳ ಹಾಡೋ ತನಕ ಏಳ್ಬೇಡ" ಅಂದ್ರು. ಬೆಳಗಿನ ಜಾವದ ತನಕ ಕೂತಿದ್ದೆ. ತನ್ನ ಹುಟ್ಟಿನ ಗುಟ್ಟು ಗೊತ್ತಾದ ಮೇಲೂ ಅನ್ನ ಕೊಟ್ಟವನನ್ನ ಬಿಡಲ್ಲ ಅಂತ ಕರ್ಣ ಆಡಿದ ಮಾತು ಮನಸ್ಸಲ್ಲಿ ಕೂತ್ಬಿಡ್ತು, ಯುವಜನರ ಕೂಟದಲ್ಲಿ ನಂಬಿಗಸ್ತಿಕೆ ಬಗ್ಗೆ ಮಾತಾಡ್ವಾಗ ಈಗ್ಲೂ ನೆನಪಾಗತ್ತೆ. ನಾನು ಏನೇ ಬರ್ಕೊಂಡು ಹೋದ್ರೂ ಅವರು ಪಕ್ಕದಲ್ಲಿ ಕೆಂಪು ಶಾಯೀಲಿ "ಯಾರು? ಯಾವ ಮಾತು?" ಅಂತ ಬರೀತಿದ್ರು.

ಎರಡನೇ ಪ್ಯಾರಾ ಪೂರ್ತಿ ತೆಗೀರಿ. ನಿಮ್ಮ ಸಭೆ ಹುಡುಗರು ಈಗ ಮಾತಾಡ್ತಿರೋ ಒಂದೇ ಒಂದು ಸಿನಿಮಾ ತಗೊಂಡು ಅವರ ಜೊತೆ ಕೂತು ನೋಡಿ, ಆತ್ಮಸಾಕ್ಷಿ ಒಪ್ಪಲ್ಲ ಅಂದ್ರೆ ಯಾವ ದೃಶ್ಯ ಯಾಕೆ ಹಿಡಿಸ್ತು ಅಂತ ಅವರ ಬಾಯಲ್ಲೇ ಕೇಳಿ ಬರ್ಕೊಳ್ಳಿ. ಎಲ್ಲಿ ಒಪ್ಪಲ್ವೋ ಅದನ್ನ ಗಟ್ಟಿಯಾಗೇ ಬರೀರಿ, ಒಂದು ಪದವನ್ನೂ ನಾನು ಮೆತ್ತಗೆ ಮಾಡಲ್ಲ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗೆ ಇಟ್ಟಿರ್ತೀನಿ.